ಒಂದೆರಡು ಮಿಲಿಮೀಟರ್

ಕಲ್ಯಾಣದುರ್ಗದ ಬಳಿಯ ಸೆಟ್ಟೂರಿನ ಕಡ್ಲೆಕಾಯಿ ಹೊಲದ ಬದುವಿನಲ್ಲಿ ಆಡುವ ಮಕ್ಕಳ ಮೈ ಕಪ್ಪಾದರೆ ಯಾರೂ ಬೆಚ್ಚುವುದಿಲ್ಲ. ಆದರೆ ಎರಡು ವರ್ಷ ತುಂಬದ ಕೂಸಿನ ಮುಖ, ಮುಂಗೈಗಳ ಮೇಲೆ ಎಳ್ಳು ಚೆಲ್ಲಿದಂತೆ ಚುಕ್ಕೆ ಎದ್ದರೆ, ಬಿಸಿಲಿಗೆ ಕಣ್ಣು ಬಿಡಲಾರದೆ ನೀರು ಸುರಿದರೆ, ಅದು ಬರೀ ಬಿಸಿಲಗಪ್ಪಲ್ಲ. ಕ್ಸೆರೋಡರ್ಮಾ ಪಿಗ್ಮೆಂಟೋಸಮ್ ಎಂಬ ಅಪರೂಪದ ಕಾಯಿಲೆ ಇರಬಹುದು.

ಅತಿನೇರಳೆ ಕಿರಣ ನಮ್ಮೆಲ್ಲರ ಚರ್ಮದ ಡಿಎನ್‌ಎಯನ್ನೂ ಕೆಡಿಸುತ್ತದೆ. ಜೀವಕೋಶ ಕೆಟ್ಟ ಚೂರನ್ನು ಕತ್ತರಿಸಿ ತೇಪೆ ಹಾಕಿಕೊಳ್ಳುತ್ತದೆ. ಈ ಮಕ್ಕಳಲ್ಲಿ ಆ ರಿಪೇರಿಯೇ ಸರಿಯಾಗಿ ನಡೆಯದೆಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಕಾಪಾಡದಿದ್ದರೆ ಹತ್ತು ವರ್ಷದೊಳಗೇ ಚರ್ಮದ ಕ್ಯಾನ್ಸರ್ ಬರುವುದುಂಟು. ಒಂದನ್ನು ತೆಗೆದರೆ ಪಕ್ಕದಲ್ಲಿ ಇನ್ನೊಂದು. ಮೂಗು, ರೆಪ್ಪೆ, ತುಟಿಗಳಿಗೆ ಎಷ್ಟು ಸಲ ಕತ್ತರಿ ಹಾಕಲಾದೀತು?

ಬೆಳಕಿನ ಚಿಕಿತ್ಸೆಗೆ ಬೆಲೆ ಬರುವುದು ಇಲ್ಲಿ. ಹಕ್ಕಳೆ ಕೆರೆದು, ಮುಲಾಮು ಹಚ್ಚಿ, ಮೂರು ಗಂಟೆ ಮುಚ್ಚಿಡುತ್ತಾರೆ. ಕೆಟ್ಟ ಕೋಶಗಳಲ್ಲಿ ಆ ಮುಲಾಮಿನ ಮದ್ದು ಪೋರ್ಫಿರಿನ್ ಎಂಬ ವಸ್ತುವಾಗಿ ತುಂಬಿಕೊಳ್ಳುತ್ತದೆ. ಆಮೇಲೆ ಕೆಲವು ನಿಮಿಷ ಸುಮಾರು 630 ನ್ಯಾನೊಮೀಟರ್‌ನ ಕೆಂಪು ದೀಪ. ಅದರಲ್ಲಿ ಅತಿನೇರಳೆ ಇರುವುದಿಲ್ಲ. ಬೆಳಕು ಬಿದ್ದೊಡನೆ ಪೋರ್ಫಿರಿನ್ ಆಮ್ಲಜನಕವನ್ನು ಕೆರಳಿಸಿ ಆ ಕೋಶಗಳನ್ನು ಕೊಲ್ಲುತ್ತದೆ. ಉರಿ ಜೋರು, ಮಗು ಅಳುತ್ತದೆ. ಆದರೆ ಮೂಗು ಮೂಗಾಗಿ ಉಳಿಯುತ್ತದೆ.

ಈ ಚಿಕಿತ್ಸೆ ಮುಟ್ಟುವುದು ಒಂದೆರಡು ಮಿಲಿಮೀಟರ್ ಆಳವನ್ನಷ್ಟೇ. ಬೇರು ಬಿಟ್ಟ ಗಡ್ಡೆಗೆ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೆ ಇದು ಸಲ್ಲದು. ಈ ಕಾಯಿಲೆಯಲ್ಲಿ ಬಳಸಿದ ವರದಿಗಳೂ ಕೆಲವೇ. ಹಾಗಾಗಿ ನನ್ನ ವಾದ ಇಷ್ಟು: ದೀಪ ಬೆಂಗಳೂರಿನಲ್ಲಿದ್ದರೂ ನಡೆದೀತು, ನೋಡುವ ಕಣ್ಣು ಸೆಟ್ಟೂರಿನಲ್ಲೇ ಬೇಕು. ಮಗುವನ್ನು ತೂಗುವ ಅಂಗನವಾಡಿ ಟೀಚರಮ್ಮನಿಗೆ ಆ ಎಳ್ಳುಚುಕ್ಕೆಯ ಗುರುತು ಹೇಳಿಕೊಡುವುದಕ್ಕೆ ಯಂತ್ರ ಬೇಕಿಲ್ಲ. ಅವರು ಹೇಳದಿದ್ದರೆ ನಾಗದೋಷವೆಂದು ಕಲ್ಲಿಗೆ ಹಾಲೆರೆಯುತ್ತ ವರ್ಷ ಕಳೆಯುತ್ತದೆ. ಅಷ್ಟರಲ್ಲಿ ಗಡ್ಡೆ ಆ ಮಿಲಿಮೀಟರ್ ದಾಟಿರುತ್ತದೆ.

ಮಗುವಿನ ಕಾಯಿಲೆಗೆ ಬೈಗುಳವೆಲ್ಲ ತಾಯಿಯ ಪಾಲಿಗೆ ಬರುವುದೂ ಅನ್ಯಾಯ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರಷ್ಟೇ ಮಗುವಿಗೆ ಕಾಯಿಲೆ. ಇಬ್ಬರಲ್ಲೂ ಅದಿದ್ದರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲೊಂದು ಸಂಭವ. ಅಕ್ಕನ ಮಗಳನ್ನು ತಮ್ಮನಿಗೆ ತರುವ ನಮ್ಮ ಕಡೆ ಆ ಜೀನ್‌ಗಳು ಎದುರಾಗುವುದು ಸುಲಭ. ಇದನ್ನು ಮದುವೆಗೆ ಮುಂಚೆ, ಗದರದೆ ಹೇಳಬೇಕು.

ಚಿಕಿತ್ಸೆ ಮುಗಿಸಿ ಬರುವ ಮಗುವಿಗೆ ತೋಳುದ್ದ ಅಂಗಿ, ಅಗಲ ಅಂಚಿನ ಟೋಪಿ, ಶಾಲೆಯಲ್ಲಿ ಕಿಟಕಿಯಿಂದ ದೂರದ ಜಾಗ ಬೇಕು. ಕಲ್ಯಾಣದುರ್ಗಕ್ಕೆ ಹಗಲು ಬಸ್ಸೂ ಇರುತ್ತದೆ. ಬಿಸಿಲು ತಪ್ಪಿಸಲು ಆ ಮಗುವಿನ ತಾಯಿ ರಾತ್ರಿ ಬಸ್ಸಿಗೆ ಕಾಯಬೇಕು.