ಬೆಂಕಿಗಷ್ಟೇ ಅಲ್ಲ, ಸೋಂಕಿಗೂ ರಕ್ಷಣೆ ಬೇಕು

ಅಗ್ನಿಶಾಮಕರ ಶತ್ರು ಬೆಂಕಿ ಮಾತ್ರ, ಸೋಂಕಿನ ಚಿಂತೆ ಆಸ್ಪತ್ರೆಯವರದು ಎಂಬ ಲೇಖಕರೊಬ್ಬರ ವಾದ ತಪ್ಪು; ಅಪಾಯಕಾರಿ ಕೂಡ.

ಸಿರುಗುಪ್ಪ ತಾಲ್ಲೂಕಿನ ರಾರಾವಿಯತ್ತ ನೋಡಿ. ವೇದಾವತಿ ಹಗರಿ ನದಿ ತುಂಬಿ ಹರಿದಾಗ ನೀರಿಗಿಳಿಯುವವರು, ಕಾಲುವೆಯಿಂದ ಶವ ಎತ್ತುವವರು, ನಜ್ಜುಗುಜ್ಜಾದ ವಾಹನದಿಂದ ಗಾಯಾಳುವನ್ನು ಹೊರಗೆಳೆಯುವವರು ಯಾರು? ಅಗ್ನಿಶಾಮಕ ಸಿಬ್ಬಂದಿ, 108 ಆಂಬುಲೆನ್ಸ್‌ನವರು. ರಕ್ತ ಮೊದಲು ತಾಗುವುದು ಇವರ ಕೈಗೆ, ವೈದ್ಯರ ಕೈಗಲ್ಲ. ಭತ್ತದ ಗದ್ದೆಗಳ ಈ ಸೀಮೆಯಲ್ಲಿ ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದ ಮೂಲಕವೇ ಇಲಿಜ್ವರ ತರಬಲ್ಲದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಜೀವಂತ ಇರಬಲ್ಲದು.

ಸೋಂಕು ತಡೆಗೆ ಇಷ್ಟೆಲ್ಲ ಖರ್ಚು ಏಕೆ ಎಂದು ಆ ಲೇಖಕರು ಕೇಳುತ್ತಾರೆ. ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ 6 ತಿಂಗಳಲ್ಲಿ ಮುಗಿಯುತ್ತದೆ. ಕೈಗವಸು, ಮಾಸ್ಕ್, ಗಂಬೂಟು ದುಬಾರಿಯಲ್ಲ. ದುಬಾರಿಯಾಗುವುದು ಯಕೃತ್ತು ಕೆಟ್ಟ ಸಿಬ್ಬಂದಿಯ ಚಿಕಿತ್ಸೆ, ಅವರ ಮನೆಯವರ ಪಾಡು.

ಈ ರಕ್ಷಣೆ ಯಾರ ದಯೆಯೂ ಅಲ್ಲ. ಕೆಲಸದಲ್ಲಿ ಎಚ್‌ಐವಿ ತಗಲುವ ಗಣನೀಯ ಅಪಾಯವಿರುವ ಸಂಸ್ಥೆಗಳು ಸಿಬ್ಬಂದಿಗೆ ಮುನ್ನೆಚ್ಚರಿಕೆಯ ಸಾಧನ, ತರಬೇತಿ ಹಾಗೂ ಸೋಂಕು ತಡೆ ಔಷಧ ಕೊಡಲೇಬೇಕು ಎನ್ನುತ್ತದೆ 2017ರ ಎಚ್‌ಐವಿ, ಏಡ್ಸ್ ಕಾಯ್ದೆಯ 19ನೇ ಕಲಂ. ಆ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಪ್ರತಿಯೊಬ್ಬ ರಕ್ಷಣಾ ಸಿಬ್ಬಂದಿಯ ಲಸಿಕೆ ದಾಖಲೆಯನ್ನು ಜಿಲ್ಲಾಡಳಿತ ಪರಿಶೀಲಿಸಲಿ. ಸೂಜಿ ಚುಚ್ಚಿದರೆ, ರಕ್ತ ಸಿಡಿದರೆ ರಾತ್ರಿಯಲ್ಲೂ ಯಾವ ಆಸ್ಪತ್ರೆಗೆ ಹೋಗಬೇಕೆಂದು ಪ್ರತಿ ಠಾಣೆಯ ಗೋಡೆಯ ಮೇಲೆ ಬರೆಸಲಿ. ನಮ್ಮ ಜೀವ ಕಾಯುವವರ ಜೀವ ಕಾಯುವುದು ಸರ್ಕಾರದ ಕರ್ತವ್ಯ.