ಟ್ರಂಕಿನ ತಳದಾಗಿನ ನಿಮ್ಮ ದುಡ್ಡು

ಮದುವೆಗೆ ಮೊದಲು ನೀವೂ ನೌಕರಿ ಮಾಡಿದವರೇ? ಖಾಸಗಿ ಶಾಲೆಯಲ್ಲೋ, ನರ್ಸಿಂಗ್ ಹೋಂನಲ್ಲೋ, ಗೋಕುಲ ರಸ್ತೆಯ ಯಾವುದೋ ಕಾರ್ಖಾನೆಯ ಆಫೀಸಿನಲ್ಲೋ? ಪ್ರತಿ ತಿಂಗಳು ಪಗಾರದಲ್ಲಿ 'ಪಿ.ಎಫ್.' ಅಂತ ಒಂದಿಷ್ಟು ಮುರಿದುಕೊಳ್ಳುತ್ತಿದ್ದರಲ್ಲ, ಆ ದುಡ್ಡು ಏನಾಯಿತು ಅಂತ ಎಂದಾದರೂ ಕೇಳಿದ್ದೀರಾ?

ನಾನಂತೂ ಕೇಳಿರಲಿಲ್ಲ. ಬಿ.ಎ. ಮುಗಿಸಿ ಮೂರು ವರ್ಷ ದುಡಿದು, 2013ರಲ್ಲಿ ಮದುವೆಯಾಗಿ ಕೆಲಸ ಬಿಟ್ಟೆ. ಧಾರವಾಡದ ತವರಿನಲ್ಲಿ ಹಳೇ ಟ್ರಂಕು ಖಾಲಿ ಮಾಡುವಾಗ ಅವ್ವ ಒಂದು ಚೀಟಿ ತೋರಿಸಿ, "ಇದೇನ ನೋಡವಾ, ಒಗೀಲೇನು?" ಅಂದಳು. ಪಿ.ಎಫ್. ಲೆಕ್ಕದ ವಾರ್ಷಿಕ ಚೀಟಿ ಅದು! ಒಗೆದಿದ್ದರೆ ಖಾತೆ ನಂಬರೂ ಹೋಗುತ್ತಿತ್ತು.

"ಅಷ್ಟ್ಯಾಕರೀ, ನಾಕು ಕಾಸು" ಅನ್ನಬೇಡಿ. ಮೂಲ ವೇತನ 5,000 ರೂಪಾಯಿ ಇತ್ತೆನ್ನಿ. ನಿಮ್ಮಿಂದ ಶೇ 12, ಅಂದರೆ 600 ರೂಪಾಯಿ. ಮಾಲೀಕರೂ ಅಷ್ಟೇ ಹಾಕಬೇಕು. ಅದರಲ್ಲಿ ಸುಮಾರು 416 ಪಿಂಚಣಿ ನಿಧಿಗೆ ಹೋಗಿ, ಉಳಿದ 184 ನಿಮ್ಮ ಪಿ.ಎಫ್.ಗೆ. ಮೂರು ವರ್ಷಕ್ಕೆ 28 ಸಾವಿರ ದಾಟುತ್ತದೆ. ಇಷ್ಟು ವರ್ಷದ ಬಡ್ಡಿ ಸೇರಿದರೆ ಅದರ ಎರಡು ಪಟ್ಟಿಗೂ ಹೆಚ್ಚು. 2024-25ರಲ್ಲಿ ಬಡ್ಡಿ ಶೇ 8.25 ಇತ್ತು. ಕೆಲಸ ಬಿಟ್ಟ ಮೇಲೆ ಬಡ್ಡಿ ಬರೋದಿಲ್ಲ ಅನ್ನೋ ಮಾತು ಹಳೆಯದು. 2011ರಿಂದ ನಿಷ್ಕ್ರಿಯ ಖಾತೆಗಳಿಗೆ ಬಡ್ಡಿ ನಿಲ್ಲಿಸಿದ್ದು ನಿಜ, ಆದರೆ 2016ರಲ್ಲಿ ಆ ನಿಯಮ ಬದಲಾಯಿತು. ನಮ್ಮಂತೆ ನಡುವೆಯೇ ಕೆಲಸ ಬಿಟ್ಟವರ ಖಾತೆಗೆ 58 ವರ್ಷದವರೆಗೆ ಬಡ್ಡಿ ಸೇರುತ್ತದೆ.

ಬಹಳ ಜನ ಮರೆಯೋದು ಆ ಪಿಂಚಣಿ ಪಾಲನ್ನು. ಪಿ.ಎಫ್.ಗೆ 19ನೇ ನಮೂನೆ ಕೊಟ್ಟು ಸುಮ್ಮನಾಗುತ್ತಾರೆ. ಹತ್ತು ವರ್ಷದೊಳಗಿನ ಸೇವೆಯಾಗಿದ್ದರೆ 10-ಸಿ ನಮೂನೆಯಲ್ಲಿ ಪಿಂಚಣಿಯ ಪಾಲನ್ನೂ ಕೇಳಬಹುದು. ಹತ್ತು ವರ್ಷ ತುಂಬಿದ್ದರಂತೂ ಮುಂದೆ ತಿಂಗಳ ಪಿಂಚಣಿಯ ಹಕ್ಕೇ ಇದೆ.

ಇನ್ನು ಹುಡುಕೋದು ಹ್ಯಾಂಗೆ? 2014ರ ನಂತರವೂ ಕೆಲಸದಲ್ಲಿದ್ದವರ ಪಗಾರ ಚೀಟಿಯಲ್ಲಿ ಹನ್ನೆರಡು ಅಂಕಿಯ ಯು.ಎ.ಎನ್. ಇರುತ್ತದೆ, ಅವರಿಗೆ ಹಾದಿ ಸಲೀಸು. ಅದಕ್ಕೂ ಮೊದಲು ಬಿಟ್ಟವರಿಗೆ ಹಳೇ ಪಿ.ಎಫ್. ನಂಬರೇ ಗತಿ. ಚೀಟಿ ಇಲ್ಲದಿದ್ದರೆ ಸಂಸ್ಥೆಯ ಲೆಕ್ಕಿಗರನ್ನು, ಜೊತೆಗಿದ್ದ ಗೆಳತಿಯನ್ನು ಕೇಳಿ. ಗೆಳತಿಯ ಚೀಟಿ ಸಿಕ್ಕರೂ ಸಂಸ್ಥೆಯ ಕೋಡ್ ನಂಬರ್ ತಿಳಿಯುತ್ತದೆ. ನಾನು ದುಡಿದ ಸಂಸ್ಥೆ ಬಾಗಿಲು ಹಾಕಿ ಎಷ್ಟೋ ವರ್ಷ. ಸಂಸ್ಥೆ ಮುಚ್ಚಿದರೂ ದುಡ್ಡು ಮುಳುಗೋದಿಲ್ಲ, ಅದು ಇರೋದು ಭವಿಷ್ಯ ನಿಧಿ ಸಂಘಟನೆಯಲ್ಲಿ. ಅದರ ಪ್ರಾದೇಶಿಕ ಕಚೇರಿ ನಮ್ಮ ಅವಳಿ ನಗರದ ನಡುವೆಯೇ, ನವನಗರದಲ್ಲಿದೆ. ಮಾಲೀಕರ ಸಹಿ ಸಿಗದಾಗ ಬ್ಯಾಂಕ್ ಮ್ಯಾನೇಜರ್ ಅಥವಾ ಗೆಜೆಟೆಡ್ ಅಧಿಕಾರಿಯಿಂದ ಅರ್ಜಿ ದೃಢೀಕರಿಸಿಕೊಳ್ಳಬಹುದು.

ನಿಜವಾದ ತೊಡಕು ಹೆಣ್ಣುಮಕ್ಕಳಿಗೇ ಕಾದಿರುತ್ತದೆ. ಪಿ.ಎಫ್. ದಾಖಲೆಯಲ್ಲಿ ಅಪ್ಪನ ಹೆಸರು, ತವರಿನ ಅಡ್ಡಹೆಸರು. ಆಧಾರ್‌ನಲ್ಲಿ ಗಂಡನ ಹೆಸರು, ಅತ್ತೆಮನೆಯ ಅಡ್ಡಹೆಸರು. ನಮ್ಮ ಕಡೆ ಕೆಲವರಿಗೆ ಅಕ್ಕಿ ಮೇಲೆ ಹೊಸ ಹೆಸರನ್ನೇ ಬರೆಸಿರುತ್ತಾರೆ! ಕಂಪ್ಯೂಟರಿಗೆ ಈ ಇಬ್ಬರೂ ಒಬ್ಬಳೇ ಅಂತ ತಿಳಿಯಬೇಕಲ್ಲ. ಅದಕ್ಕೇ 'ಜಾಯಿಂಟ್ ಡಿಕ್ಲರೇಷನ್' ಎಂಬ ತಿದ್ದುಪಡಿ ಅರ್ಜಿ ಇದೆ. ಮದುವೆ ನೋಂದಣಿ ಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದಿಡಿ. ಮದುವೆ ನೋಂದಣಿ ಮಾಡಿಸದಿದ್ದರೆ ಮೊದಲು ಆ ಕೆಲಸ. ನನಗೆ ಬರೀ ಇದಕ್ಕೇ ಮೂರು ಓಡಾಟವಾಯಿತು. ಮನೆಯವರು "ಬಿಟ್ಟಬಿಡು, ಬಿಸಿಲಾಗ ಯಾಕ ತಿರಗ್ತಿ" ಅಂದರು. ಬಿಡಲಿಲ್ಲ, ಬೆಳಿಗ್ಗೆ ಏಳರ ಬಸ್ಸಿಗೆ ಓಡಿ ದುಡಿದದ್ದು ನಾನಲ್ಲವೇ?

"ಶೇಕಡಾ ಇಷ್ಟು ಕೊಡ್ರಿ, ನಾವ ಮಾಡಿಸ್ತೀವಿ" ಅನ್ನುವ ಏಜೆಂಟರು ಸಿಗುತ್ತಾರೆ. ಅವರಿಗೆ ಓ.ಟಿ.ಪಿ. ಹೇಳಬೇಡಿ; ಕಚೇರಿಯಲ್ಲಿ ಇದಕ್ಕೆ ಶುಲ್ಕವಿಲ್ಲ. ಐದು ವರ್ಷದೊಳಗಿನ ಸೇವೆಯಾಗಿ ಮೊತ್ತ 50 ಸಾವಿರ ಮುಟ್ಟಿದರೆ ತೆರಿಗೆ ಮುರಿಯುತ್ತಾರೆ, ಪ್ಯಾನ್ ಕೊಡಲು ಮರೆಯಬೇಡಿ.

ಇನ್ನೊಂದು ಮಾತು. ದುಡ್ಡು ಜಮಾ ಆಗಲು ನಿಮ್ಮ ಹೆಸರಿನ ಉಳಿತಾಯ ಖಾತೆಯೇ ಬೇಕು, ಯಜಮಾನರ ಖಾತೆ ನಂಬರ್ ನಡೆಯೋದಿಲ್ಲ. ವಹಿವಾಟಿಲ್ಲದೆ ನಿಮ್ಮ ಹಳೇ ಖಾತೆ ನಿಂತಿದ್ದರೆ ಅರ್ಜಿಗೂ ಮೊದಲು ಬ್ಯಾಂಕಿಗೆ ಹೋಗಿ ಅದನ್ನು ಚಾಲೂ ಮಾಡಿಸಿಕೊಳ್ಳಿ.