ಓಟ ನಿಂತ ನೆಲಕ್ಕೂ ಒಂದು ನೆನಪಿದೆ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಹಿಲ್ಸ್‌ಬರೊ ಎಂಬ ಸಣ್ಣ ಪಟ್ಟಣದ ಅಂಚಿನಲ್ಲಿ, ಈನೊ ನದಿಯ ದಂಡೆಗೆ ಹೊಂದಿಕೊಂಡು, ಮರಗಳ ನಡುವೆ ಸುತ್ತಿಬರುವ ಅಗಲವಾದ ಮಣ್ಣಿನ ದಾರಿಯೊಂದಿದೆ. ಅಲ್ಲಿಗೆ ಹತ್ತಿರದ ಕ್ಯಾರಿ ಎಂಬ ಊರಿನಲ್ಲಿ ನನ್ನ ಮಗಳ ಸಂಸಾರವಿದೆ. ರಾಲಿ, ಡರ್ಹಮ್, ಕ್ಯಾರಿ ಸುತ್ತಲಿನ ಸಂಶೋಧನಾ ಕೇಂದ್ರಗಳಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಸಾಕಷ್ಟಿದ್ದಾರೆ. ಅವರ ಮನೆಗಳಿಗೆ ಆರು ತಿಂಗಳ ಮಟ್ಟಿಗೆ ಹೋಗಿಬರುವ ನನ್ನಂಥ ನಿವೃತ್ತ ತಂದೆತಾಯಿಯರೂ ಸಾಕಷ್ಟಿದ್ದಾರೆ. ಕಳೆದ ಬಾರಿ ಹೋಗಿದ್ದಾಗ ಅಳಿಯ ಒಂದು ಭಾನುವಾರ ಬೆಳಿಗ್ಗೆ ವಾಯುವಿಹಾರಕ್ಕೆಂದು ನನ್ನನ್ನು ಅಲ್ಲಿಗೆ ಕರೆದೊಯ್ದರು.

‘ಮಾವ, ಇದು ಹಿಂದೆ ಕಾರಿನ ರೇಸು ನಡೆಯುತ್ತಿದ್ದ ಜಾಗವಂತೆ’ ಎಂದರು. ನನಗೆ ನಂಬಿಕೆಯಾಗಲಿಲ್ಲ. ಕಣ್ಣಿಗೆ ಬೀಳುತ್ತಿದ್ದುದು ಎತ್ತರದ ಪೈನ್ ಮರಗಳು, ಒಣಗಿದ ಎಲೆಗಳ ಹಾಸು, ನಾಯಿಯೊಂದಿಗೆ ನಡೆಯುತ್ತಿದ್ದ ವೃದ್ಧ ದಂಪತಿ. ಸ್ವಲ್ಪ ಮುಂದೆ ಹೋದಾಗ ಇಳಿಜಾರಿನಲ್ಲಿ ಕಾಂಕ್ರೀಟಿನ ಮೆಟ್ಟಿಲುಸಾಲು ಕಾಣಿಸಿತು. ಪ್ರೇಕ್ಷಕರು ಕುಳಿತುಕೊಳ್ಳುತ್ತಿದ್ದ ಜಾಗ ಅದು. ಎದುರಿಗೆ ಮಣ್ಣಿನ ದಾರಿ, ಅದರ ಆಚೆ ಮತ್ತೆ ಕಾಡು. ನೋಡುವವರಿಲ್ಲದ ಆ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತೆ. ಅಲ್ಲಿ ಕುಳಿತಾಗ ನೆನಪಾದದ್ದು ಅಮೆರಿಕದ ಸಂಗತಿಯಲ್ಲ, ಮೂರು ದಶಕಗಳಿಗೂ ಹಿಂದೆ ನಾನೇ ಬರೆದ ಒಂದು ಕಡತದ ಟಿಪ್ಪಣಿ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಜಾಗದ ಹೆಸರು ಆಕನೀಚಿ ಸ್ಪೀಡ್‌ವೇ. ಆ ಪ್ರದೇಶದ ಮೂಲನಿವಾಸಿ ಬುಡಕಟ್ಟಿನ ಹೆಸರು ಅದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಜೂಲಿಯನ್ ಕಾರ್ ಎಂಬ ತಂಬಾಕು ಮತ್ತು ಜವಳಿ ಉದ್ಯಮಿಯ ತೋಟ ಇಲ್ಲಿತ್ತು. ಕುದುರೆಗಳ ಓಟಕ್ಕೆ ಒಂದು ಪಥವೂ ಇತ್ತು. ಎರಡನೇ ಮಹಾಯುದ್ಧದ ನಂತರ ಬಿಲ್ ಫ್ರಾನ್ಸ್ ಎಂಬ ಸಾಹಸಿ ಸಣ್ಣ ವಿಮಾನದಲ್ಲಿ ಹಾರುತ್ತಿದ್ದಾಗ ಆ ಪಥವನ್ನು ಮೇಲಿಂದ ಕಂಡು, ಕಾರುಗಳ ಓಟಕ್ಕೆ ತಕ್ಕ ಸ್ಥಳವೆಂದು ಗುರುತಿಸಿದರೆಂದು ಹೇಳುತ್ತಾರೆ. 0.9 ಮೈಲಿ ಸುತ್ತಳತೆಯ ಮಣ್ಣಿನ ಟ್ರ್ಯಾಕ್ ಸಿದ್ಧವಾಗಿ 1948ರಲ್ಲಿ ಓಟ ಆರಂಭವಾಯಿತು. ಅದೇ ವರ್ಷ ಫ್ರಾನ್ಸ್ ಮತ್ತು ಅವರ ಸಂಗಡಿಗರು ಕಟ್ಟಿದ ಸಂಸ್ಥೆಯೇ ಇಂದು ಜಗತ್ತಿಗೆಲ್ಲ ಪರಿಚಿತವಾಗಿರುವ ನಾಸ್ಕಾರ್.

ಇಲ್ಲಿ ಓಡುತ್ತಿದ್ದ ಕಾರುಗಳ ಬಗ್ಗೆ ಒಂದು ಮಾತು ಹೇಳಬೇಕು. ಫಾರ್ಮುಲಾ ಒನ್ ಪಂದ್ಯಗಳಲ್ಲಿ ಕಾಣುವಂಥ, ಓಟಕ್ಕೆಂದೇ ತಯಾರಾದ ವಾಹನಗಳಲ್ಲ ಅವು. ಅಂಗಡಿಯಿಂದ ಯಾರು ಬೇಕಾದರೂ ಕೊಳ್ಳಬಹುದಾದ ಕಾರನ್ನು ಮಾರ್ಪಾಡಿಲ್ಲದೆ ಓಡಿಸಬೇಕೆಂಬುದು 1949ರ ಮೊದಲ ಋತುವಿನ ನಿಯಮ. ‘ಸ್ಟಾಕ್ ಕಾರ್’ ಎಂಬ ಮಾತಿನ ಅರ್ಥವೇ ಅದು. ಓಡಿಸುವವರು ರೈತರು, ಮೆಕ್ಯಾನಿಕ್‌ಗಳು, ಗಿರಣಿ ಕಾರ್ಮಿಕರು. ಆ ಗುಡ್ಡಗಾಡಿನಲ್ಲಿ ಕಳ್ಳಭಟ್ಟಿಯ ಸಾರಾಯಿಯನ್ನು ರಾತ್ರೋರಾತ್ರಿ ಸಾಗಿಸುತ್ತ, ಅಬಕಾರಿ ಪೊಲೀಸರ ಕೈಗೆ ಸಿಗದಂತೆ ಕಾರು ಓಡಿಸುವುದನ್ನು ಕರಗತ ಮಾಡಿಕೊಂಡವರೂ ಅವರಲ್ಲಿದ್ದರು. 1949ರ ಜೂನ್‌ನಲ್ಲಿ ಷಾರ್ಲಟ್ ನಗರದಲ್ಲಿ ನಡೆದ ಮೊಟ್ಟಮೊದಲ ಪಂದ್ಯದಲ್ಲಿ ಮುಂದೆ ಬಂದ ಗ್ಲೆನ್ ಡನವೇ ಅವರ ಕಾರನ್ನು ತಪಾಸಣೆ ಮಾಡಿದಾಗ, ಸಾರಾಯಿಯ ಭಾರ ಹೊರಲೆಂದು ಹಿಂಬದಿಯ ಸ್ಪ್ರಿಂಗ್‌ಗಳನ್ನು ಬಲಪಡಿಸಿದ್ದು ಬಯಲಾಯಿತು. ಗೆಲುವು ಎರಡನೆಯವರಾದ ಜಿಮ್ ರೋಪರ್ ಪಾಲಾಯಿತು. ಕಾರಿನ ಮಾಲೀಕರು ನ್ಯಾಯಾಲಯಕ್ಕೆ ಹೋದರೂ ದಾವೆ ನಿಲ್ಲಲಿಲ್ಲ.

ಆ ಋತುವಿನ ಎಂಟು ಪಂದ್ಯಗಳಲ್ಲಿ ಮೂರನೆಯದು 1949ರ ಆಗಸ್ಟ್ 7ರಂದು ಹಿಲ್ಸ್‌ಬರೊದಲ್ಲಿ ನಡೆಯಿತು. ಗೆದ್ದವರು ಬಾಬ್ ಫ್ಲಾಕ್. ಅಂದಿನಿಂದ ಸುಮಾರು ಎರಡು ದಶಕ, ಕೆಮ್ಮಣ್ಣಿನ ಧೂಳಿನಲ್ಲಿ ಆ ಸಣ್ಣ ಊರಿಗೆ ಸಾವಿರಾರು ಜನ ಬಂದುಹೋದರು. ತಿರುವಿನಲ್ಲಿ ಹಿಡಿತ ತಪ್ಪಿದ ಕಾರುಗಳು ನದಿಗೆ ಇಳಿಯುತ್ತಿದ್ದವೆಂದು ಊರಿನವರು ಇಂದಿಗೂ ನಗುತ್ತ ಹೇಳುತ್ತಾರೆ.

ಟ್ರ್ಯಾಕ್ ಮುಚ್ಚಿದ್ದಕ್ಕೆ ಎರಡು ಕಾರಣಗಳು. ಭಾನುವಾರದ ಪ್ರಾರ್ಥನೆಯ ದಿನ ಓಟ ನಡೆಯುವುದನ್ನು ಸ್ಥಳೀಯ ಚರ್ಚುಗಳ ಪಾದ್ರಿಗಳು ಮೊದಲಿನಿಂದಲೂ ವಿರೋಧಿಸುತ್ತಿದ್ದರು. ಅದಕ್ಕಿಂತ ಬಲವಾದದ್ದು ಅರ್ಥಶಾಸ್ತ್ರದ ಕಾರಣ. ಡಾಂಬರು ಹಾಕಿದ, ಲಕ್ಷಾಂತರ ಜನ ಸೇರಬಲ್ಲ ಮಹಾ ಟ್ರ್ಯಾಕ್‌ಗಳ ಕಾಲ ಬಂದಿತ್ತು. 1968ರ ಸೆಪ್ಟೆಂಬರ್ 15ರಂದು ಇಲ್ಲಿನ ಕೊನೆಯ ಪಂದ್ಯವನ್ನು ರಿಚರ್ಡ್ ಪೆಟ್ಟಿ ಗೆದ್ದರು. ಮರುವರ್ಷವೇ ಫ್ರಾನ್ಸ್ ಅವರ 2.66 ಮೈಲಿಯ ಟ್ಯಾಲಡೀಗ ಟ್ರ್ಯಾಕ್ ಅಲಬಾಮಾ ರಾಜ್ಯದಲ್ಲಿ ತೆರೆಯಿತು. 1964ರಲ್ಲಿ 62 ಪಂದ್ಯಗಳಿದ್ದ ನಾಸ್ಕಾರ್ ವೇಳಾಪಟ್ಟಿ 1972ರಲ್ಲಿ 31ಕ್ಕೆ ಇಳಿಯಿತು. ಸಿಗರೇಟು ಕಂಪನಿಯ ಪ್ರಾಯೋಜಕತ್ವ ಬಂದ ಮೇಲೆ 250 ಮೈಲಿಗಿಂತ ಕಡಿಮೆ ದೂರದ ಪಂದ್ಯಗಳನ್ನು ಪಟ್ಟಿಯಿಂದ ಕೈಬಿಟ್ಟದ್ದೇ ಇದಕ್ಕೆ ಮುಖ್ಯ ಕಾರಣ. ಹಣ ಬೆಳೆಯಿತು, ಆಟ ಬೆಳೆಯಿತು, ಊರುಗಳು ಹೊರಗುಳಿದವು. ಗಾತ್ರ ಹೆಚ್ಚಿದಂತೆ ವೆಚ್ಚ ತಗ್ಗುತ್ತದೆಂಬ ಪಾಠವನ್ನು ನಾನೂ ಎಂ.ಎ. ತರಗತಿಯಲ್ಲಿ ಕಲಿತವನೇ. ಆದರೆ ಆ ತಗ್ಗಿದ ವೆಚ್ಚದಲ್ಲಿ ಹಿಲ್ಸ್‌ಬರೊದಂಥ ಊರು ಕಳೆದುಕೊಂಡದ್ದನ್ನು ಯಾರೂ ಲೆಕ್ಕ ಹಾಕಿರಲಿಲ್ಲ.

ಮುಂದೆ ನಡೆದದ್ದು ಕುತೂಹಲಕರ. ಕೆಲವು ದಶಕಗಳ ಕಾಲ ಆ ನೆಲವನ್ನು ಯಾರೂ ಮುಟ್ಟಲಿಲ್ಲ. ಕಾಡು ತನ್ನ ಪಾಡಿಗೆ ಬೆಳೆಯಿತು. ಪಕ್ಕದಲ್ಲಿಯೇ ಹಳೆಯ ಬಂಗಲೆಯೊಂದನ್ನು ಕಾಪಾಡುತ್ತಿದ್ದ ಖಾಸಗಿ ನ್ಯಾಸವೊಂದು ಈ ಸುಮಾರು 44 ಎಕರೆ ಜಮೀನನ್ನೂ ತನ್ನ ವಶಕ್ಕೆ ಪಡೆಯಿತು. 2002ರಲ್ಲಿ ಸ್ಪೀಡ್‌ವೇ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ನೋಂದಣಿ ಪಟ್ಟಿಗೆ ಸೇರಿತು. ಮರುವರ್ಷ ನಡಿಗೆದಾರರಿಗೆ ತೆರೆಯಿತು. ಯಾರೂ ಮರ ಕಡಿದು ಹಳೆಯ ವೈಭವವನ್ನು ಮರುಸೃಷ್ಟಿಸಲು ಹೋಗಲಿಲ್ಲ. ದಾರಿ ಸವರಿದರು, ಫಲಕ ನಿಲ್ಲಿಸಿದರು, ಅಷ್ಟೇ. 1949ರ ಆ ಎಂಟು ಟ್ರ್ಯಾಕ್‌ಗಳಲ್ಲಿ ಮಣ್ಣಿನ ರೂಪದಲ್ಲಿಯೇ ಉಳಿದುಬಂದಿರುವುದು ಇದೊಂದೇ ಎನ್ನಲಾಗುತ್ತದೆ. ಅದೇ ರಾಜ್ಯದ ನಾರ್ತ್ ವಿಲ್ಕ್ಸ್‌ಬರೊ ಟ್ರ್ಯಾಕ್‌ನದು ಬೇರೆಯೇ ಕಥೆ. 1996ರಲ್ಲಿ ದೊಡ್ಡ ಪಂದ್ಯಗಳನ್ನು ಕಳೆದುಕೊಂಡು ಪಾಳುಬಿದ್ದಿದ್ದ ಅದಕ್ಕೆ ಸರ್ಕಾರದ ಹಣವೂ ಹರಿದು, 2023ರಲ್ಲಿ ನಾಸ್ಕಾರ್ ಮತ್ತೆ ಅಲ್ಲಿಗೆ ಬಂದಿತು.

ಹಾಗೆಂದು ಅಮೆರಿಕನ್ನರು ನೆನಪಿನ ವಿಷಯದಲ್ಲಿ ನಮಗಿಂತ ಸಜ್ಜನರೆಂದು ನಾನು ಹೇಳಲಾರೆ. ಸ್ಪೀಡ್‌ವೇ ನೆಲದ ಹಳೆಯ ಒಡೆಯ ಜೂಲಿಯನ್ ಕಾರ್, ಕಪ್ಪು ಮಹಿಳೆಯೊಬ್ಬಳನ್ನು ಚಾಟಿಯಿಂದ ಹೊಡೆದುದನ್ನು 1913ರಲ್ಲಿ ಸಾರ್ವಜನಿಕ ಭಾಷಣದಲ್ಲಿ ಹೆಮ್ಮೆಯಿಂದ ಹೇಳಿಕೊಂಡ ವ್ಯಕ್ತಿ. 2018ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ತನ್ನ ಕಟ್ಟಡವೊಂದರಿಂದ ಅವರ ಹೆಸರನ್ನು ತೆಗೆಯಿತು. ಸ್ಟಾಕ್ ಕಾರ್ ಲೋಕದ ಚರಿತ್ರೆಯೂ ನಿಷ್ಕಳಂಕವಲ್ಲ. 1963ರ ಡಿಸೆಂಬರ್‌ನಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಕಪ್ಪು ಚಾಲಕ ವೆಂಡೆಲ್ ಸ್ಕಾಟ್ ಗೆದ್ದಾಗ, ಗೆಲುವಿನ ಧ್ವಜವನ್ನು ಬಿಳಿಯ ಚಾಲಕನಿಗೆ ಬೀಸಲಾಯಿತು. ಜನ ಮನೆಗೆ ಹೋದ ಮೇಲೆ ಲೆಕ್ಕ ಸರಿಪಡಿಸಲಾಯಿತು. ಗುಲಾಮಗಿರಿಯ ಪರ ನಿಂತವರ ಬಾವುಟವನ್ನು ನಾಸ್ಕಾರ್ ತನ್ನ ಮೈದಾನಗಳಿಂದ ನಿಷೇಧಿಸಿದ್ದು 2020ರಲ್ಲಿ. ಬುಡಕಟ್ಟಿನ ಹೆಸರು, ಜನಾಂಗದ್ವೇಷಿಯ ತೋಟ, ಶ್ರಮಿಕರ ಓಟ, ಇಂದಿನ ಕಾಡು: ಈ ಎಲ್ಲವೂ ಆ ಒಂದೇ ನೆಲದಲ್ಲಿವೆ. ನೆಲ ಉಳಿದಿರುವುದರಿಂದಲೇ ಇವನ್ನೆಲ್ಲ ಒಟ್ಟಿಗೆ ನೆನೆಯಲು, ಪ್ರಶ್ನಿಸಲು ಸಾಧ್ಯವಾಗಿದೆ. ಹೊಗಳುವುದಕ್ಕಾಗಿ ಮಾತ್ರ ಸ್ಮಾರಕ ಬೇಕು ಎಂಬುದು ನಮ್ಮ ತಪ್ಪು ಕಲ್ಪನೆ.

ಈಗ ನನ್ನ ಕಡತದ ವಿಷಯ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಹಳೆ ಮೈಸೂರು ಭಾಗದ ಒಂದು ಕಡೆ ಉಪವಿಭಾಗಾಧಿಕಾರಿಯಾಗಿದ್ದೆ. ಒಂದು ಹಳ್ಳಿಯಲ್ಲಿ ಮನೆಯಿಲ್ಲದವರಿಗೆ ನಿವೇಶನ ಹಂಚಲು ಗೋಮಾಳದ ಒಂದು ಭಾಗವನ್ನು ಗುರುತಿಸಿದ್ದರು. ಸ್ಥಳ ಪರಿಶೀಲನೆಗೆ ಹೋದಾಗ, ಉದ್ದಕ್ಕೆ ಗಟ್ಟಿಯಾಗಿ ತುಳಿದ ಒಂದು ಬಯಲು ಕಂಡಿತು. ಜಾತ್ರೆಯ ಸಮಯದಲ್ಲಿ ಎತ್ತಿನ ಗಾಡಿಗಳ ಓಟ ಅಲ್ಲಿ ನಡೆಯುತ್ತದೆಂದು ಗ್ರಾಮಲೆಕ್ಕಿಗರು ಹೇಳಿದರು. ಮಹಜರಿಗೆ ಹೆಬ್ಬೆಟ್ಟು ಒತ್ತಲು ಬಂದ ಹಿರಿಯರೊಬ್ಬರು ಒತ್ತದೆ ನಿಂತು ಕೇಳಿದರು: ‘ಸ್ವಾಮಿ, ವರ್ಷಕ್ಕೆ ಎಲ್ಡು ದಿನ ಊರೆಲ್ಲ ಒಂದಾಗೋದು ಇಲ್ಲೇಯ. ಆ ಎಲ್ಡು ದಿನವ ಯಾವ ಪಹಣೀಲಿ ಬರೆದಿದ್ದೀರಿ?’

ನಾನು ನಕ್ಕು ಸುಮ್ಮನಾದೆ. ಕಚೇರಿಗೆ ಬಂದು ‘ಸದರಿ ಜಮೀನು ನಿರುಪಯುಕ್ತವಾಗಿದ್ದು, ಯಾವುದೇ ಸಾರ್ವಜನಿಕ ಬಳಕೆಯಲ್ಲಿರುವುದಿಲ್ಲ’ ಎಂದು ಬರೆದು ಸಹಿ ಹಾಕಿದೆ. ನಿವೇಶನ ಹಂಚಿಕೆಯಾಯಿತು, ಮನೆಗಳಾದವು. ಸೂರಿಲ್ಲದವರಿಗೆ ಸೂರು ಸಿಕ್ಕಿದ್ದರ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಓಟಕ್ಕಿಂತ ಮನೆ ದೊಡ್ಡದು. ಪಶ್ಚಾತ್ತಾಪವಿರುವುದು ಆ ಒಂದು ವಾಕ್ಯದ ಬಗ್ಗೆ. ಅದು ಸುಳ್ಳು. ಗೋಮಾಳದ ಇನ್ನೊಂದು ಅಂಚಿನಲ್ಲಿ ಅಷ್ಟೇ ಜಮೀನು ಸಿಗುತ್ತಿತ್ತೇ ಎಂದು ಕೇಳುವ ಗೋಜಿಗೂ ನಾನು ಹೋಗಲಿಲ್ಲ. ಬಯಲು ನಿರುಪಯುಕ್ತವೆಂದು ಬರೆದ ಮೇಲೆ ಆ ಪ್ರಶ್ನೆಯೇ ಉಳಿಯಲಿಲ್ಲ. ಓಟ ನಿಂತಿತು. ನಿವೃತ್ತಿಗೆ ಮುಂಚೆ ಆ ದಾರಿಯಲ್ಲಿ ಹೋಗುವಾಗ ಇಳಿದು ವಿಚಾರಿಸಿದೆ. ಅಲ್ಲಿನ ಹುಡುಗರಿಗೆ ಗಾಡಿಗಳ ಓಟದ ಸುಳಿವೇ ಇರಲಿಲ್ಲ.

ಇಂಥ ವಾಕ್ಯ ಬರೆದ ಅಧಿಕಾರಿ ನಾನೊಬ್ಬನೇ ಅಲ್ಲ ಎಂಬುದು ನನಗೆ ಗೊತ್ತು. ನಮ್ಮ ವ್ಯವಸ್ಥೆ ಅದನ್ನು ಸುಲಭಗೊಳಿಸಿದೆ. ಅಮೆರಿಕದ ಪಟ್ಟಿಗೆ ಸೇರಲು ಒಂದು ಸ್ಥಳಕ್ಕೆ ಸಾಮಾನ್ಯವಾಗಿ 50 ವರ್ಷ ತುಂಬಿದ್ದರೆ ಸಾಕು. ಆಕನೀಚಿಗೆ ಆಗ 54. ನಮ್ಮ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕನಿಷ್ಠ 100 ವರ್ಷ ಕೇಳುತ್ತದೆ. ಜನಸಾಮಾನ್ಯರು ಸೇರುತ್ತಿದ್ದ ಬಯಲು, ಕುಸ್ತಿಯ ಗರಡಿ, ನಾಟಕ ಕಂಪನಿಗಳು ಬೀಡುಬಿಡುತ್ತಿದ್ದ ಮೈದಾನ, ಹಳೆಯ ಟೆಂಟ್ ಸಿನಿಮಾದ ಜಾಗ, ಇವು ಅಷ್ಟು ವರ್ಷ ಕಾಯುವುದಿಲ್ಲ. ಮದ್ರಾಸಿನ ಹೊರವಲಯದ ಶೋಲಾವರಂ ವಿಮಾನಪಥದ ಮೇಲೆ ದಶಕಗಳ ಕಾಲ ನಡೆದ ಕಾರು ಮತ್ತು ಬೈಕ್ ಓಟಗಳೂ ಹೊಸ ಟ್ರ್ಯಾಕ್ ಬಂದ ಮೇಲೆ ಹಿರಿಯರ ಹರಟೆಯಲ್ಲಷ್ಟೇ ಉಳಿದಿವೆ. ಕರ್ನಾಟಕವು 2017ರಲ್ಲಿ ಕಾನೂನು ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ರಕ್ಷಣೆ ಕೊಟ್ಟಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಓಟ ನಮ್ಮ ಸಂಸ್ಕೃತಿಯೆಂದು ವಾದಿಸಿ ಗೆದ್ದ ನಾವು, ಓಟ ನಡೆದ ನೆಲದ ಬಗ್ಗೆ ಅಷ್ಟೇ ಗಂಭೀರವಾಗಿ ಯೋಚಿಸಿದ್ದೇವೆಯೇ?

ಎಲ್ಲವನ್ನೂ ಸ್ಮಾರಕ ಮಾಡುತ್ತ ಹೋದರೆ ಬದುಕುವವರಿಗೆ ಜಾಗವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದು. ನನ್ನ ಸಲಹೆ ಸಣ್ಣದು. ಪ್ರತಿ ತಾಲ್ಲೂಕಿನಲ್ಲೂ 50 ವರ್ಷ ದಾಟಿದ ಇಂಥ ಸ್ಥಳಗಳ ಪಟ್ಟಿಯೊಂದಿರಲಿ. ಅದನ್ನು ಗ್ರಾಮಸಭೆಯಲ್ಲಿ ಓದಿ ತಯಾರಿಸಲಿ. ಪಟ್ಟಿಯಲ್ಲಿರುವುದರಿಂದ ಪರಭಾರೆಗೆ, ಹಂಚಿಕೆಗೆ ತಡೆಯಿಲ್ಲ. ಅಮೆರಿಕದಲ್ಲಿಯೂ ಪಟ್ಟಿಗೆ ಸೇರಿದ ಮಾತ್ರಕ್ಕೆ ಖಾಸಗಿ ಮಾಲೀಕನ ಕೈ ಕಟ್ಟುವುದಿಲ್ಲ. ಆಕನೀಚಿಯನ್ನು ಉಳಿಸಿದ್ದು ಪಟ್ಟಿಯ ಜೊತೆಗೆ ಒಂದು ನ್ಯಾಸದ ಆಸ್ಥೆ. ಆದರೆ ಭೂಬಳಕೆ ಬದಲಿಸುವ ಮುನ್ನ ಅಧಿಕಾರಿ ಆ ಪಟ್ಟಿ ನೋಡಬೇಕು, ಬೇರೆ ಜಾಗವಿದೆಯೇ ಎಂದು ಬರೆಯಬೇಕು, ಬದಲಿಸಲೇಬೇಕಾದರೆ ಒಂದು ಫಲಕಕ್ಕಾದರೂ ನಾಲ್ಕಡಿ ಜಾಗ ಬಿಡಬೇಕು. ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಉಳಿಯುವುದು, ಕಡತದಲ್ಲಿ ಬರೆದದ್ದು ನಿಜ ಎಂಬ ಸಮಾಧಾನ.

ಹಿಲ್ಸ್‌ಬರೊದ ಆ ಮೆಟ್ಟಿಲುಗಳಿಂದ ಎದ್ದು ಹೊರಡುವಾಗ ಮೊಮ್ಮಗ ಟ್ರ್ಯಾಕ್‌ನ ಸುತ್ತ ಒಂದು ಸುತ್ತು ಓಡಿಬಂದು, ಏದುಸಿರು ಬಿಡುತ್ತ, ‘ತಾತ, ಇಲ್ಲಿ ಯಾರು ಗೆದ್ದರು?’ ಎಂದು ಕೇಳಿದ. ಫಲಕ ಓದಿದ್ದೆನಾದ್ದರಿಂದ ಉತ್ತರ ಹೇಳಿದೆ. ನಮ್ಮ ಆ ಹಳ್ಳಿಯ ಬಡಾವಣೆಯಲ್ಲಿ ಯಾವುದಾದರೂ ಮಗು ಇದೇ ಪ್ರಶ್ನೆ ಕೇಳಿದರೆ ಉತ್ತರಿಸಲು ಅಲ್ಲಿ ಏನೂ ಉಳಿದಿಲ್ಲ. ಹಾಗಾಗಲು ಸಹಿ ಹಾಕಿದವನು ನಾನು.